ಕಟ್ಟಿದವರು ಯಾರು, ಬಿಚ್ಚುವವರು ಯಾರು?

ಬಸಳೆ ಕಟ್ಟು, ಪಿಗ್ಮಿ ಕಟ್ಟು, ಗೆಜ್ಜೆ ಕಟ್ಟು, ಅಣೆಕಟ್ಟು, ಅಳಿಯಕಟ್ಟು. ಉಡುಪಿ ಸೀಮೆಯ ಗದ್ದೆ, ಬಂದರು, ಬ್ಯಾಂಕು, ಚೌಕಿ, ಕೋರ್ಟು ಎಲ್ಲ ಕಡೆಯೂ ದುಡಿಯುವುದು ಒಂದೇ ಕ್ರಿಯಾಪದ. ಅದರ ಅರ್ಥಗಳ ಬೆನ್ನು ಹತ್ತಿದರೆ ಕೊನೆಗೆ ಎದುರಾಗುವುದು ಹಗ್ಗದ ತುದಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ.

ಮಳೆ ಬಿಟ್ಟ ಮೇಲಿನ ಸಂತೆಯ ಬೆಳಗು. ಆದಿ ಉಡುಪಿಯ ಎಪಿಎಂಸಿ ಪ್ರಾಂಗಣದಲ್ಲಿ ಗೋಣಿಯ ಮೇಲೆ ಬಸಳೆ, ಹರಿವೆ ಸಾಲಾಗಿ ಬಿದ್ದಿವೆ. ದಪ್ಪ ದಂಟಿನ ಬಸಳೆಯ ನಡುವಿಗೆ ಬಾಳೆನಾರಿನ ಬಿಗಿ. ‘ಕಟ್ಟಿಗೆಷ್ಟು?’ ಎಂದು ಗಿರಾಕಿ ಕೇಳಿದರೆ, ‘ಎರಡು ಕಟ್ಟು ತಕೊಳ್ಳಿ, ಕಡಿಮೆ ಮಾಡುವ’ ಎಂಬ ಉತ್ತರ. ಹೊರಗೆ ರಸ್ತೆಬದಿಯಲ್ಲಿ ಮಲ್ಪೆಯಿಂದ ಬಂದ ಮೀನಿನ ಲಾರಿ ನಿಂತಿದೆ. ಸಡಿಲಾದ ಟಾರ್ಪಾಲನ್ನು ಕ್ಲೀನರ್ ಎಳೆದು ಕಟ್ಟುತ್ತಿದ್ದಾನೆ. ಪಿಗ್ಮಿ ಸಂಗ್ರಹಿಸುವವರು ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿಯುತ್ತಿದ್ದಾರೆ. ನಿನ್ನೆ ಕಟ್ಟದವರು ಇವತ್ತು ಎರಡು ದಿನದ್ದು ಒಟ್ಟಿಗೆ ಕಟ್ಟುತ್ತಾರೆ. ಗೋಡೆಗೆ ಅಂಟಿಸಿದ ಪೋಸ್ಟರ್ ಯಕ್ಷಗಾನ ಮೇಳ ಗೆಜ್ಜೆ ಕಟ್ಟುವ ದಿನವನ್ನು ಸಾರುತ್ತಿದೆ. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಮೇಲೆ ಕುಕ್ಕರಗಾಲಲ್ಲಿ ಕೂತವರು ಕಬ್ಬಿಣದ ಸರಳು ಕಟ್ಟುತ್ತಿದ್ದಾರೆ.

ಸೊಪ್ಪು, ಹಗ್ಗ, ಹಣ, ಗೆಜ್ಜೆ, ಕಟ್ಟಡ. ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಲು ಟೈ, ಬೈಂಡ್, ಪೇ, ಬಿಲ್ಡ್ ಎಂದು ಬೇರೆ ಬೇರೆ ಪದ ಬೇಕು. ಕನ್ನಡಕ್ಕೂ ತುಳುವಿಗೂ ಒಂದೇ ಸಾಕು. ಬಿಗಿದು ಹಿಡಿಯುವ ಕೆಲಸಕ್ಕಿರುವ ಈ ಪದ ಇಷ್ಟೊಂದು ಕಡೆ ಹೇಗೆ ಹರಡಿತು, ಈ ಅರ್ಥಗಳ ನಡುವೆ ನಿಜವಾಗಿ ಸಂಬಂಧವಿದೆಯೇ, ಇದ್ದರೆ ಅದು ನಮಗೆ ಏನು ಹೇಳುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಉಡುಪಿ ಸೀಮೆಗಿಂತ ಒಳ್ಳೆಯ ಜಾಗ ಸಿಗಲಾರದು. ಹೂವಿನಿಂದ ಹಿಡಿದು ಆಸ್ತಿ ಹಂಚಿಕೆಯವರೆಗೆ ಇಲ್ಲಿ ಎಲ್ಲವೂ ಈ ಪದದ ಮೇಲೆ ನಿಂತಿದೆ.

ಬಿಡಿಯಾದದ್ದು ಒಂದಾಗುವುದು

ಮೊದಲು ಪದದ ಹರಹನ್ನು ನೋಡೋಣ. ಬುತ್ತಿ ಕಟ್ಟುತ್ತೇವೆ, ಕರಿಮಣಿ ಕಟ್ಟುತ್ತೇವೆ, ಟೊಂಕ ಕಟ್ಟುತ್ತೇವೆ, ಪಣ ಕಟ್ಟುತ್ತೇವೆ, ಸಂಘ ಕಟ್ಟುತ್ತೇವೆ, ಬೆಲೆ ಕಟ್ಟುತ್ತೇವೆ, ಇಲ್ಲದ ಕತೆಯನ್ನೂ ಕಟ್ಟುತ್ತೇವೆ. ಮನುಷ್ಯರ ಕೈ ತಾಗದ ಕಡೆಯೂ ಈ ಕೆಲಸ ನಡೆಯುತ್ತದೆ: ಮೋಡ ಕಟ್ಟುತ್ತದೆ, ಮಾವು ಕಾಯಿ ಕಟ್ಟುತ್ತದೆ, ಶೀತವಾದರೆ ಮೂಗು ಕಟ್ಟುತ್ತದೆ, ಹಾಲು ಹೆಪ್ಪುಗಟ್ಟುತ್ತದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಫರ್ಡಿನೆಂಡ್ ಕಿಟೆಲರ ನಿಘಂಟಾಗಲಿ, ಡಾ. ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟಾಗಲಿ, ಇಂಥ ಪದಗಳ ಅರ್ಥಗಳನ್ನು ಒಂದರ ಕೆಳಗೊಂದು ಕೊಡುತ್ತವೆ. ನಿಘಂಟಿನ ಕೆಲಸ ಅರ್ಥಗಳನ್ನು ಎಣಿಸಿಡುವುದು. ಅವುಗಳನ್ನು ಪೋಣಿಸಿರುವ ದಾರ ಯಾವುದು ಎಂದು ಹುಡುಕುವ ಕೆಲಸ ಓದುವವರಿಗೆ ಸೇರಿದ್ದು.

ಆ ದಾರ ಕಾಣಬೇಕಾದರೆ ಪದ ಎಲ್ಲಿ ಬರುತ್ತದೆ ಎಂಬುದರಷ್ಟೇ ಎಲ್ಲಿ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕಾರ್ಕಳದಲ್ಲಿ ಇದಕ್ಕೆ ಸೊಗಸಾದ ಸಾಕ್ಷಿ ಎದುರುಬದುರಾಗಿ ನಿಂತಿದೆ. ಬಂಡೆಯ ಮೇಲಿರುವ 42 ಅಡಿಯ ಗೊಮ್ಮಟನನ್ನು ವೀರಪಾಂಡ್ಯ 1432ರಲ್ಲಿ ಪ್ರತಿಷ್ಠಾಪಿಸಿದ. ಅದರ ಎದುರಿನ ದಿಬ್ಬದ ಚತುರ್ಮುಖ ಬಸದಿ 1586ರದ್ದು. ಬಸದಿಯನ್ನು ‘ಕಟ್ಟಿಸಿದರು’ ಎನ್ನುತ್ತೇವೆ. ಗೊಮ್ಮಟನನ್ನು ‘ಕಟ್ಟಿಸಿದರು’ ಎಂದು ಕನ್ನಡ ಬಲ್ಲ ಯಾರೂ ಅನ್ನುವುದಿಲ್ಲ. ‘ಕೆತ್ತಿಸಿದರು’, ‘ನಿಲ್ಲಿಸಿದರು’ ಎನ್ನುತ್ತಾರೆ. ಕಲ್ಲು ಎರಡು ಕಡೆಯೂ ಇದೆ, ಶ್ರಮ, ಸಂಪತ್ತು, ಭಕ್ತಿ ಎರಡು ಕಡೆಯೂ ಇವೆ. ವ್ಯತ್ಯಾಸ ಇಷ್ಟೇ: ಗೊಮ್ಮಟ ಒಂದೇ ಬಂಡೆ, ಬಸದಿ ನೂರಾರು ಕಲ್ಲುಗಳ ಕೂಟ. ಬಾವಿಯದೂ ಇದೇ ಕತೆ. ಬಾವಿಯನ್ನು ತೋಡುತ್ತಾರೆ, ಅದರ ಸುತ್ತ ಮುರಕಲ್ಲಿನ ಗೋಡೆ ಕಟ್ಟುತ್ತಾರೆ. ಮಡಕೆಯನ್ನು ಮಾಡುತ್ತಾರೆ, ಗೂಡನ್ನು ಕಟ್ಟುತ್ತಾರೆ. ಬಿಡಿಬಿಡಿಯಾಗಿದ್ದವು ಒಂದನ್ನೊಂದು ಹಿಡಿದು ಹೊಸದೊಂದು ಆಕಾರ ತಾಳುವ ಕಡೆಗಳಲ್ಲಿ ಮಾತ್ರ ಕನ್ನಡ ಈ ಪದವನ್ನು ಬಳಸುತ್ತದೆ. ಮೋಡಕ್ಕೂ ಮೊಸರಿಗೂ ಸಂಘಕ್ಕೂ ಬಸದಿಗೂ ಇರುವ ನಂಟು ಇದು.

ಹೆಸರಲ್ಲಿ ಕಟ್ಟು, ಮೂಲದಲ್ಲಿ ಬೇರೆ
*ಕಿವಿಗೆ ‘ಕಟ್ಟು’ ಎಂದು ಕೇಳಿಸುವುದೆಲ್ಲ ಈ ಪದದ ಸಂತಾನವಲ್ಲ. ‘ಕಟ್ಟಕಡೆ’ಯಲ್ಲಿರುವುದು ಕಡೆ ಎಂಬ ಪದವೇ ಎರಡು ಸಲ, ತುತ್ತತುದಿ, ನಟ್ಟನಡು, ಮೊತ್ತಮೊದಲು ಹುಟ್ಟಿದ ರೀತಿಯಲ್ಲೇ ಅದೂ ಹುಟ್ಟಿದೆ. ಪರ್ಯಾಯಕ್ಕೆ ಮುನ್ನ ಉಡುಪಿಯಲ್ಲಿ ನಡೆಯುವ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳಲ್ಲಿನ ‘ಕಟ್ಟಿಗೆ’ಯನ್ನು ಸಂಸ್ಕೃತದ ಕಾಷ್ಠದ ತದ್ಭವ ಎಂದು ಹೇಳುವುದುಂಟು. ಕಟ್ಟೆ, ಕಟ್ಟಡ, ಕಟ್ಟಳೆ ಮಾತ್ರ ನೇರ ಮಕ್ಕಳು.*

ಇದಕ್ಕೆ ಒಂದು ಆಕ್ಷೇಪ ಬರಬಹುದು. ಪದಗಳ ಅರ್ಥ ಕಾಲಕ್ರಮದಲ್ಲಿ ಹಬ್ಬುವುದು ಎಲ್ಲ ಭಾಷೆಗಳಲ್ಲೂ ಉಂಟು; ಅದೊಂದು ಆಕಸ್ಮಿಕ, ಅದರಲ್ಲಿ ತತ್ತ್ವ ಹುಡುಕುವುದು ಅತಿಯಾಯಿತು ಎಂದು. ಆಕಸ್ಮಿಕವಾಗಿದ್ದರೆ ಅದು ಒಂದು ಭಾಷೆಯಲ್ಲಿ ಕಾಣಬೇಕಿತ್ತು, ಇನ್ನೊಂದರಲ್ಲಿ ಕಾಣಬಾರದಿತ್ತು. ಆದರೆ ತಮಿಳಿನ ಕಟ್ಟಿಡಂ, ಮಲಯಾಳದ ಕೆಟ್ಟಿಡಂ, ತೆಲುಗಿನ ಕಟ್ಟಡಂ, ನಮ್ಮ ಕಟ್ಟಡ ಎಲ್ಲವೂ ಹಗ್ಗ ಬಿಗಿಯುವ ಅದೇ ಧಾತುವಿನಿಂದ ಹೊರಟಿವೆ. ಬರೋ ಮತ್ತು ಎಮೆನೋ ಸಿದ್ಧಪಡಿಸಿದ ದ್ರಾವಿಡ ಜ್ಞಾತಿಪದಕೋಶ ಬಿಗಿಯುವ ಅರ್ಥವನ್ನೂ ನಿರ್ಮಿಸುವ ಅರ್ಥವನ್ನೂ ಒಂದೇ ಬುಡದಲ್ಲಿ ಇಟ್ಟಿದೆ. ಅಂದರೆ ಬಿಗಿಯುವುದೇ ನಿರ್ಮಿಸುವುದು ಎಂಬ ತಿಳಿವಳಿಕೆ ಈ ಸೋದರ ಭಾಷೆಗಳಷ್ಟೇ ಹಳೆಯದು. ದೂರದ ಇನ್ನೊಂದು ಕುಟುಂಬದಲ್ಲೂ ಇದರ ನೆರಳಿದೆ. ಇಂಗ್ಲಿಷಿನ ಬೈಂಡ್, ಬಾಂಡ್‌ಗಳಿಗೂ ಸಂಸ್ಕೃತದ ಬಂಧಕ್ಕೂ ಮೂಲ ಒಂದೇ. ಆ ಬಂಧದಿಂದಲೇ ಬಂಧನವೂ ಬಂತು, ಸಂಬಂಧವೂ ಬಂತು, ಪ್ರಬಂಧವೂ ಬಂತು.

ಕೊಡುವ ಹಣ, ಕಟ್ಟುವ ಹಣ

ಹಣದ ವಿಚಾರದಲ್ಲಿ ಈ ಪದದ ಸೂಕ್ಷ್ಮ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೀನು ಮಾರುವವರಿಗೆ ದುಡ್ಡು ‘ಕೊಡುತ್ತೇವೆ’. ಶಾಲೆಯ ಫೀಸು, ಮನೆ ತೆರಿಗೆ, ಕರೆಂಟ್ ಬಿಲ್, ಚೀಟಿ, ಸಾಲದ ಕಂತು ಇವನ್ನು ‘ಕಟ್ಟುತ್ತೇವೆ’. ಬಂಗುಡೆಗೆ ನೂರು ರೂಪಾಯಿ ಕಟ್ಟಿದೆ ಎಂದರೆ ಕೇಳಿದವರು ನಗುತ್ತಾರೆ. ಕೊಟ್ಟ ಹಣ ಅಲ್ಲಿಗೆ ಮುಗಿಯಿತು. ಕೊಟ್ಟವರಿಗೂ ಪಡೆದವರಿಗೂ ಮುಂದೆ ಲೆಕ್ಕವಿಲ್ಲ. ಕಟ್ಟಿದ ಹಣದ ಹಿಂದೆ ಒಂದು ಋಣವೋ ಕರಾರೋ ಇರುತ್ತದೆ, ಅದು ಮತ್ತೆ ಮತ್ತೆ ಬರುತ್ತದೆ, ಅದಕ್ಕೊಂದು ರಸೀದಿ ಇರುತ್ತದೆ. ಹಲವರು ಕಟ್ಟಿದ್ದು ಒಂದೆಡೆ ಸೇರಿ ದೊಡ್ಡದೊಂದು ಆಗುತ್ತದೆ. ಬಸದಿಯ ಕಲ್ಲುಗಳ ನಿಯಮವೇ ಇಲ್ಲಿ ನಾಣ್ಯಗಳಿಗೂ ಅನ್ವಯಿಸಿದೆ.

ಉಡುಪಿಯ ಬ್ಯಾಂಕುಗಳ ಚರಿತ್ರೆ ಈ ಮಾತಿನ ಅಕ್ಷರಶಃ ಉದಾಹರಣೆ. 1906ರಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಇಲ್ಲಿ ಹುಟ್ಟಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಕೈಮಗ್ಗ ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ಆಸರೆಯಾಗುವುದು ಅದರ ಮೊದಲ ಉದ್ದೇಶ. 1928ರಲ್ಲಿ ಬಂದದ್ದು ಪಿಗ್ಮಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಮನೆ ಬಾಗಿಲಿಗೇ ಏಜೆಂಟರು ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಯೋಜನೆ. ಎರಡಾಣೆ ಉಳಿಸಿದರೆ ಏನಾದೀತು ಎಂದು ಅಂದಿನ ದೊಡ್ಡ ಬ್ಯಾಂಕುಗಳು ಭಾವಿಸಿದ್ದ ಕಾಲದಲ್ಲಿ, ಎರಡಾಣೆಯನ್ನು ದಿನವೂ ಕಟ್ಟಿದರೆ ಏನಾಗುತ್ತದೆ ಎಂದು ಇಲ್ಲಿನವರು ತೋರಿಸಿಕೊಟ್ಟರು. ಉಳಿಸುವುದು ಒಬ್ಬರ ಕೆಲಸ. ಕಟ್ಟುವುದರಲ್ಲಿ ಬಾಗಿಲಿಗೆ ಬರುವವರೂ ಇದ್ದಾರೆ, ಪಕ್ಕದ ಅಂಗಡಿಯವರೂ ಇದ್ದಾರೆ. ಪಿಗ್ಮಿ ಗೆದ್ದದ್ದು ಆ ಕಾರಣಕ್ಕೆ.

ಬಿಚ್ಚಲೆಂದೇ ಹಾಕಿದ ಗಂಟು

ಇಲ್ಲಿಯವರೆಗೆ ನೋಡಿದ್ದು ಕೂಡಿಸುವ ಗುಣ. ಕರಾವಳಿಯ ಕಸುಬುಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಗುಣ ಕಣ್ಣಿಗೆ ಬೀಳುತ್ತದೆ: ಇಲ್ಲಿನ ಒಳ್ಳೆಯ ಕಟ್ಟುಗಳೆಲ್ಲ ಬಿಚ್ಚಲು ಬರುವಂಥವು. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಬೆಳಕು ಹರಿಯುವ ಹೊತ್ತಿಗೆ ಕೊಯ್ದ ಮೊಗ್ಗು ಅರಳುವ ಮೊದಲೇ ಕಟ್ಟಿ ಮುಗಿಯಬೇಕು. ಬಾಳೆಯ ನಾರನ್ನು ಸೀಳಿ ನೆನೆಸಿರುತ್ತಾರೆ. ಒಣಗಿದ ನಾರು ತುಂಡಾಗುತ್ತದೆ. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ತೊಟ್ಟುಗಳು ಒಂದರ ಮೇಲೊಂದು ಕೂರುವಂತೆ ಇಟ್ಟು ನಾರನ್ನು ಸುತ್ತಿ ಕುಣಿಕೆ ಎಳೆಯುತ್ತಾರೆ. ಎಳೆತ ಹೆಚ್ಚಾದರೆ ತೊಟ್ಟು ಕತ್ತರಿಸಿ ಹೂ ಉದುರುತ್ತದೆ, ಕಡಿಮೆಯಾದರೆ ಜಾರಿ ಉದುರುತ್ತದೆ. ಈ ಎರಡರ ನಡುವಿನ ಹದವನ್ನು ಬೆರಳು ಕಲಿತಿರಬೇಕು. ಮುಡಿಗೆ ಏರಿ ಮರುದಿನ ಬಾಡಿ ಹೋಗುವ ಹೂವಿಗೆ ಇಷ್ಟು ಎಚ್ಚರ. ನಾಳೆ ಮತ್ತೆ ಹೊಸ ಮೊಗ್ಗು, ಹೊಸ ನಾರು.

ಅಟ್ಟೆ, ಮುಡಿ: ಕಟ್ಟೇ ಅಳತೆಯಾದಾಗ
*800 ಹೂ ಸೇರಿದರೆ ಒಂದು ಚೆಂಡು, 4 ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂ. ಉಡುಪಿ ಮಲ್ಲಿಗೆಯ ದರವನ್ನು ಶಂಕರಪುರದ ಕಟ್ಟೆಯಲ್ಲಿ ಪ್ರತಿದಿನ ಅಟ್ಟೆಯ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. ಈ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.*
*ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಹುಲ್ಲಿನ ಹಗ್ಗದಿಂದಲೇ ಉರುಟಾಗಿ ಬಿಗಿದರೆ ಅಕ್ಕಿಮುಡಿ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ: ಹೀಗೆ ಮುಡಿಗೆ 42 ಸೇರು. ಗೇಣಿಯನ್ನು ಅಳೆಯುತ್ತಿದ್ದದ್ದೂ ಮುಡಿಯಲ್ಲೇ.*

ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲೂ ಇದೇ ಪಾಠ. ತೆಂಕುತಿಟ್ಟಿನ ಕಿರೀಟ ಸಿದ್ಧವಾಗಿಯೇ ಇರುತ್ತದೆ, ಧರಿಸಿದರಾಯಿತು. ಬಡಗುತಿಟ್ಟಿನ ಮುಂಡಾಸು ಹಾಗಲ್ಲ. ಪ್ರತಿ ರಾತ್ರಿ ಕಲಾವಿದರ ತಲೆಯ ಮೇಲೆಯೇ ಬಟ್ಟೆಯ ಸುತ್ತುಗಳನ್ನು ಬಿಗಿದು ಅದನ್ನು ಕಟ್ಟಬೇಕು. ಸಡಿಲಾದರೆ ಮಂಡಿ ತಿರುಗುವಾಗ ಜಾರುತ್ತದೆ, ಅತಿ ಬಿಗಿಯಾದರೆ ತಲೆ ಸಿಡಿಯುತ್ತದೆ. ಆಟ ಮುಗಿದ ಮೇಲೆ ಅಷ್ಟನ್ನೂ ಬಿಚ್ಚಿ ಮಡಚಿ ಪೆಟ್ಟಿಗೆಗೆ ಹಾಕಬೇಕು. ವೇಷಕ್ಕೆ ಒಂದು ರಾತ್ರಿಯಾದರೆ ಮೇಳಕ್ಕೆ ಒಂದು ತಿರುಗಾಟ. ಮಳೆಗಾಲ ಕಳೆದ ಮೇಲೆ ಕಟ್ಟಿದ ಗೆಜ್ಜೆಯನ್ನು ಪತ್ತನಾಜೆಗೆ ಬಿಚ್ಚುತ್ತಾರೆ. ದೈವಗಳ ನೇಮಕ್ಕೂ ಅದೇ ಗಡುವು. ಕಟ್ಟುವ ದಿನದಷ್ಟೇ ಗೌರವ ಬಿಚ್ಚುವ ದಿನಕ್ಕೂ ಇರುವುದು ಈ ನೆಲದ ವಿವೇಕ.

ಗದ್ದೆಗಳ ನಡುವೆ ಹರಿಯುವ ತೋಡಿಗೆ ಹಾಕುವ ‘ಕಟ್ಟ’ದಲ್ಲಿ ಈ ವಿವೇಕ ಅತ್ಯಂತ ಸ್ಪಷ್ಟ. ಮಳೆಗಾಲದ ಬೆಳೆ ಏಣಿಲು ಕೊಯ್ಲಾದ ಮೇಲೆ ಸುಗ್ಗಿ, ಕೊಳಕೆ ಬೆಳೆಗಳಿಗೆ ನೀರು ಬೇಕು. ತೋಡಿನ ಹರಿವು ಇಳಿಯುವ ಹೊತ್ತಿಗೆ ಊರವರು ಸೇರಿ ಕಲ್ಲು, ಅಡಿಕೆ ಮರದ ಕಾಂಡ, ಸೊಪ್ಪು, ಮಣ್ಣು ಹಾಕಿ ಅಡ್ಡ ಕಟ್ಟುತ್ತಿದ್ದರು. ನೀರು ಮೇಲೇರಿ ಗದ್ದೆಗೆ ಹೋಗುತ್ತಿತ್ತು, ಸುತ್ತಲಿನ ಬಾವಿಗಳಲ್ಲಿ ಒರತೆ ಉಳಿಯುತ್ತಿತ್ತು. ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು. ಹೋಗಲೇಬೇಕು. ಹೋಗದಿದ್ದರೆ ನೆರೆ ಗದ್ದೆಯನ್ನೇ ಎಬ್ಬಿಸುತ್ತದೆ. ಪ್ರತಿ ವರ್ಷ ಕಟ್ಟಬೇಕಾಗಿ ಬಂದದ್ದರಿಂದ ಪ್ರತಿ ವರ್ಷ ಮಾತುಕತೆಯೂ ನಡೆಯಬೇಕಿತ್ತು: ಯಾವ ದಿನ, ಎಷ್ಟು ಎತ್ತರ, ಯಾರ ಮನೆಯಿಂದ ಎಷ್ಟು ಆಳು, ಮೊದಲ ನೀರು ಯಾರ ಗದ್ದೆಗೆ. ನೀರು ನಿಲ್ಲುತ್ತಿದ್ದದ್ದು ಮಣ್ಣಿನ ಬಲದಷ್ಟೇ ಈ ಮಾತುಕತೆಯ ಬಲದಿಂದಲೂ.

ಕಟ್ಟುವ, ಬಿಚ್ಚುವ ಪಂಚಾಂಗ
*ಜೂನ್ 1 – ಜುಲೈ 31: ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ರಜೆ. ಮಲ್ಪೆ ಬಂದರಿನಲ್ಲಿ ಬೋಟುಗಳನ್ನು ಕಟ್ಟಿ ನಿಲ್ಲಿಸುತ್ತಾರೆ.*
*ಆಗಸ್ಟ್: ಹಗ್ಗ ಬಿಚ್ಚಿ ಬೋಟುಗಳು ಕಡಲಿಗೆ.*
*ಮಳೆಗಾಲದ ನಂತರ: ತೋಡಿಗೆ ಕಟ್ಟ; ಕಿಂಡಿ ಅಣೆಕಟ್ಟಿಗೆ ಹಲಗೆ; ಮೇಳಗಳಿಗೆ ಗೆಜ್ಜೆ.*
*ಮೇ ತಿಂಗಳ ಕೊನೆಯ ವಾರ, ತುಳುವರ ಬೇಶ ತಿಂಗಳ ಹತ್ತನೇ ದಿನ: ಪತ್ತನಾಜೆ. ಗೆಜ್ಜೆ ಬಿಚ್ಚುವ ದಿನ.*

ಬಿಗಿ ಮಾತ್ರ ಉಳಿದಾಗ

ಈಗ ಗಂಭೀರವಾದ ಆಕ್ಷೇಪಕ್ಕೆ ಬರೋಣ. ಹೂವು, ಮುಂಡಾಸು, ತೋಡಿನ ಕಟ್ಟ ಇವನ್ನು ಮುಂದಿಟ್ಟು ಕಟ್ಟುವುದನ್ನು ಕೊಂಡಾಡುವುದು ಸುಲಭ. ಆದರೆ ಇದೇ ಪದ ಕಟ್ಟುಪಾಡಿನಲ್ಲೂ ಇದೆ, ಬಾಯಿಗೆ ಹಾಕಿದ ಕಟ್ಟಿನಲ್ಲೂ ಇದೆ, ‘ಇಲ್ಲಿಯ ಕಟ್ಟುಕಟ್ಟಳೆ’ ಎಂದು ಎದುರು ಮಾತಿಗೆ ಎಡೆಯಿಲ್ಲದಂತೆ ಹೇಳುವ ದನಿಯಲ್ಲೂ ಇದೆ. ತುಳುನಾಡಿನ ಚರಿತ್ರೆಯಲ್ಲಿ ಮನುಷ್ಯರನ್ನೇ ಭೂಮಿಗೆ ಕಟ್ಟಿಹಾಕಿದ್ದ ಮೂಲದಾಳು ಪದ್ಧತಿಯಿತ್ತು. ಕೊರಗ ಸಮುದಾಯವನ್ನು ಅವಮಾನಕರ ಚಾಕರಿಗೆ ಬಿಗಿದಿದ್ದ ಅಜಲು ಪದ್ಧತಿಯನ್ನು ಸಂಪ್ರದಾಯ ಎಂದೇ ಸಮರ್ಥಿಸುತ್ತಿದ್ದರು. ಅದನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಇವನ್ನು ಮರೆತು ಕಟ್ಟಿನ ಗುಣಗಾನ ಮಾಡಿದರೆ ಅದು ಅನ್ಯಾಯ. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಬೇಕು. ಒಪ್ಪಿದ ಮೇಲೆ, ಶಂಕರಪುರದ ಕಟ್ಟಿಗೂ ಅಜಲಿನ ಕಟ್ಟಿಗೂ ಇರುವ ಅಂತರ ನಿಖರವಾಗಿ ಎಲ್ಲಿದೆ ಎಂದು ಕೇಳಬೇಕು.

ಬಿಚ್ಚಲು ಬರುವುದು, ಬಾರದಿರುವುದು ಎಂಬುದೇ ಅಂತರ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಅಳಿಯಕಟ್ಟಿನ, ಅಂದರೆ ಅಳಿಯಸಂತಾನದ, ಕತೆ ಅದಕ್ಕೆ ಪುಷ್ಟಿ ಕೊಡುತ್ತದೆ. ಭೂತಾಳ ಪಾಂಡ್ಯನ ಹೆಸರಿನಲ್ಲಿ ಬಂದಿರುವ ಈ ಕ್ರಮದಲ್ಲಿ ಆಸ್ತಿ ತಾಯಿಯ ಬಳಿಯಿಂದ ಇಳಿಯುತ್ತಿತ್ತು. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳಿಗೆ ತಾಯಿಮನೆಯಲ್ಲಿ ಅಳಿಸಲಾಗದ ಹಕ್ಕು ಇದ್ದದ್ದು ಅದರಿಂದಲೇ. ಆದರೆ ಬ್ರಿಟಿಷ್ ಕಾಲದ ನ್ಯಾಯಾಲಯಗಳು ಈ ಕಟ್ಟನ್ನು ಓದಿದ ರೀತಿಯಲ್ಲಿ, ಕುಟುಂಬದ ಎಲ್ಲರೂ ಒಪ್ಪದೆ ಪಾಲು ಕೇಳುವಂತಿರಲಿಲ್ಲ. ಕುಟುಂಬ ಬೆಳೆದು ನೂರು ಮಂದಿಯಾದರೂ ಆಡಳಿತ ಯಜಮಾನರ ಕೈಯಲ್ಲೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದೊಳಗಿನ ತಾಯಿ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಟನ್ನು ಇನ್ನಷ್ಟು ಸಡಿಲಿಸಿತು. ಹೀಗೆ ನೋಡಿದರೆ ಬಿಚ್ಚುವ ದಾರಿ ತೆರೆದದ್ದೇ ನ್ಯಾಯ ಎನ್ನಿಸುತ್ತದೆ.

ಆದರೆ ಗೇಣಿಯ ಚರಿತ್ರೆ ಈ ತೀರ್ಮಾನವನ್ನು ತಿದ್ದುತ್ತದೆ. ಇಲ್ಲಿ ಎರಡು ಬಗೆಯ ಗೇಣಿ ಪ್ರಬಲವಾಗಿತ್ತು. ಮೂಲಗೇಣಿಯವರು ಗೊತ್ತಾದ ಗೇಣಿ ಕಟ್ಟುವವರೆಗೆ ಅವರನ್ನು ಎಬ್ಬಿಸುವಂತಿರಲಿಲ್ಲ. ಅದು ಬಿಗಿಯಾದ, ತಲೆಮಾರಿನಿಂದ ತಲೆಮಾರಿಗೆ ಬಿಚ್ಚದ ಕಟ್ಟು. ಚಾಲಗೇಣಿಯದು ಸಡಿಲ ಕಟ್ಟು. ಒಡೆಯರು ಬೇಡವೆಂದರೆ ಗೇಣಿದಾರರು ಗದ್ದೆ ಬಿಡಬೇಕು. ಬಿಚ್ಚಲು ಬರುವುದೇ ಒಳ್ಳೆಯ ಕಟ್ಟಿನ ಲಕ್ಷಣವಾಗಿದ್ದರೆ ಚಾಲಗೇಣಿ ಒಳ್ಳೆಯದಾಗಬೇಕಿತ್ತು. ಆದದ್ದು ತಿರುಗುಮುರುಗು. ಬಿಗಿ ಕಟ್ಟು ಬಡವರನ್ನು ಕಾಯಿತು, ಸಡಿಲ ಕಟ್ಟು ಅವರನ್ನು ನಡುಗಿಸಿತು. ಏಕೆಂದರೆ ಚಾಲಗೇಣಿಯ ಹಗ್ಗವನ್ನು ಬಿಚ್ಚುವ ತುದಿ ಒಡೆಯರ ಕೈಯಲ್ಲಿ ಮಾತ್ರ ಇತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ಬದಲಿಸಿದ್ದು ಇದನ್ನೇ. ಏಳನೇ ನಮೂನೆಯ ಅರ್ಜಿ ಬರೆದು, ಇಲ್ಲಿನ ಮಾತಿನಲ್ಲಿ ‘ಡಿಕ್ಲರೇಶನ್ ಕೊಟ್ಟು’, ಸಾವಿರಾರು ಒಕ್ಕಲು ಮನೆಗಳು ತಾವು ಉಳುತ್ತಿದ್ದ ನೆಲವನ್ನು ತಮ್ಮದಾಗಿಸಿಕೊಂಡವು. ಉಳುವವರು ನೆಲದಿಂದ ಬಿಡುಗಡೆಯಾಗಲಿಲ್ಲ. ಅದೇ ನೆಲಕ್ಕೆ ಇನ್ನೂ ಗಟ್ಟಿಯಾಗಿ ಸೇರಿಕೊಂಡರು. ಬದಲಾದದ್ದು ಹಗ್ಗದ ತುದಿ ಹಿಡಿದ ಕೈ.

ಹಾಗಾದರೆ ಒರೆಗಲ್ಲು ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಕಟ್ಟಿಗೆ ಒಳಗಾದವರಿಗೆ ಅದನ್ನು ಕಟ್ಟುವುದರಲ್ಲಿ, ಬಿಚ್ಚುವುದರಲ್ಲಿ, ಮತ್ತೆ ಕಟ್ಟುವುದರಲ್ಲಿ ಪಾಲಿದೆಯೇ ಎಂಬುದು ಒರೆಗಲ್ಲು. ತೋಡಿನ ಕಟ್ಟದಲ್ಲಿ ಕಷ್ಟವೂ ಇತ್ತು, ಜಗಳವೂ ಇತ್ತು. ಮೇಲಿನ ಗದ್ದೆಯವರ ಮಾತಿಗೆ ತೂಕ ಹೆಚ್ಚು ಇತ್ತೆಂಬುದೂ ನಿಜ. ಹಾಗಿದ್ದೂ ಮುಂದಿನ ವರ್ಷ ಮತ್ತೆ ಕೂತು ಮಾತಾಡದೆ ಕಟ್ಟ ಏಳುತ್ತಿರಲಿಲ್ಲ. ಅಜಲಿನಲ್ಲಿ ಅಂಥ ಮುಂದಿನ ವರ್ಷವೇ ಇರಲಿಲ್ಲ. ಕಟ್ಟಿದವರು ಒಂದು ಕಡೆ, ಕಟ್ಟಿಗೆ ಸಿಕ್ಕವರು ಇನ್ನೊಂದು ಕಡೆ, ಮರುಮಾತಿಗೆ ಜಾಗವೇ ಇಲ್ಲ.

ಕಾಂಕ್ರೀಟಿನ ಒಳಗೂ ಗಂಟು

ನಾರು, ಹುಲ್ಲು, ಮಣ್ಣಿನ ಕಾಲ ಮುಗಿಯಿತು, ಈಗ ಎಲ್ಲವೂ ಕಾಂಕ್ರೀಟು, ಉಕ್ಕು, ಮೊಬೈಲ್. ಈ ಪದ ಹಳೆಯ ಬದುಕಿನ ಪಳೆಯುಳಿಕೆ ಮಾತ್ರ ಎನ್ನುವವರಿದ್ದಾರೆ. ಮಣಿಪಾಲದ ಯಾವುದೇ ಬಹುಮಹಡಿ ಕಟ್ಟಡ ಏಳುವಾಗ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕಾಂಕ್ರೀಟು ಸುರಿಯುವ ಮುನ್ನ ಉದ್ದ ಸರಳಿಗೆ ಅಡ್ಡ ಸರಳು ಸೇರುವ ಕಡೆಗಳಲ್ಲಿ ಸಣ್ಣ ತಂತಿ ಸುತ್ತಿ, ಕೊಕ್ಕೆಯಿಂದ ತಿರುಚಿ, ಕೈಯಲ್ಲೇ ಗಂಟು ಹಾಕುತ್ತಾರೆ. ಗೋಡೆಗೆ ಬಣ್ಣ ಬಳಿದ ಮೇಲೆ ಯಾರಿಗೂ ಕಾಣದ ಆ ಗಂಟುಗಳು ಒಂದೊಂದು ಮಹಡಿಯಲ್ಲೂ ಲೆಕ್ಕವಿಲ್ಲದಷ್ಟಿವೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಉಕ್ಕಿನ ಹಾಳೆಗಳನ್ನು ಬೆಸೆದು ಟಗ್ಗುಗಳನ್ನು ತಯಾರಿಸುತ್ತಾರೆ. ಅಲ್ಲಿ ಹಗ್ಗವೂ ಇಲ್ಲ, ತಂತಿಯೂ ಇಲ್ಲ, ಆದರೂ ಹಡಗು ‘ಕಟ್ಟುತ್ತಾರೆ’. ಬಿಡಿ ಹಾಳೆಗಳು ಒಂದನ್ನೊಂದು ಹಿಡಿದು ತೇಲುವ ಒಂದೇ ಒಡಲಾಗುವುದರಿಂದ ಪದ ಸರಿಯಾಗಿಯೇ ಕೂತಿದೆ. ಫೋನಿನ ಪರದೆಯ ಮೇಲೆ ಬೆರಳೊತ್ತಿ ಕಂತು ತುಂಬಿದವರೂ ‘ಕಟ್ಟಿದೆ’ ಎಂದೇ ಹೇಳುತ್ತಾರೆ. ಸಾಮಗ್ರಿ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಬದಲಾಗಿರುವುದು, ಮತ್ತು ಚಿಂತೆಗೆ ಕಾರಣವಾಗಬೇಕಾದದ್ದು, ಮತ್ತೆ ಕಟ್ಟುವ ರೂಢಿ. ಮಣ್ಣಿನ ಕಟ್ಟಗಳ ಜಾಗದಲ್ಲಿ ಈಗ ಕಿಂಡಿ ಅಣೆಕಟ್ಟುಗಳು ಬಂದಿವೆ. ‘ಪಶ್ಚಿಮವಾಹಿನಿ’ ಯೋಜನೆಯಡಿ ಕರಾವಳಿಯ ನದಿಗಳಿಗೆ ಇನ್ನಷ್ಟು ಬರುತ್ತಿವೆ. ಬೇಸಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ತಳ ಕಂಡಾಗ ನಗರಕ್ಕೆ ನೀರು ಎಷ್ಟು ದುಬಾರಿ ಎಂದು ಉಡುಪಿಗೆ ಗೊತ್ತು. ಹಾಗಾಗಿ ಈ ಹೂಡಿಕೆ ಬೇಕಾದದ್ದೇ. ಆದರೆ ಕಿಂಡಿ ಅಣೆಕಟ್ಟಿನ ಕಾಂಕ್ರೀಟು ತಾನಾಗಿ ನೀರು ಹಿಡಿಯದು. ಸರಿಯಾದ ಹೊತ್ತಿಗೆ ಕಿಂಡಿಗಳಿಗೆ ಹಲಗೆ ಇಳಿಸಬೇಕು, ಮಳೆಗೆ ಮುಂಚೆ ತೆಗೆಯಬೇಕು. ಆ ದಿನ ತಪ್ಪಿದರೆ ಕೋಟಿ ಸುರಿದ ಕಟ್ಟಡದ ಕಿಂಡಿಯಿಂದಲೇ ನೀರು ಕಡಲಿಗೆ ಹೋಗುತ್ತದೆ, ಸಮುದ್ರದ ಉಬ್ಬರ ಇರುವ ಕಡೆ ಉಪ್ಪುನೀರು ಮೇಲೇರುತ್ತದೆ. ಹಿಂದೆ ಕಟ್ಟ ಇಲ್ಲದಿದ್ದರೆ ಊರೇ ಹೊಣೆ. ಈಗ ಹಲಗೆ ಇಲ್ಲದಿದ್ದರೆ ಇಲಾಖೆಯೋ ಗುತ್ತಿಗೆದಾರರೋ ಪಂಚಾಯತಿಯೋ ಎಂಬ ಪ್ರಶ್ನೆ. ಗಟ್ಟಿ ಸಾಮಗ್ರಿ ಬಂದಾಗ ಮಾತುಕತೆ ನಿಂತಿತು. ಮಣ್ಣಿನ ಕಟ್ಟಕ್ಕೇ ಹಿಂತಿರುಗಿ ಎಂದು ಯಾರೂ ಹೇಳಬೇಕಾಗಿಲ್ಲ. ಅದರ ಸುತ್ತ ಇದ್ದ ಮಾತುಕತೆಯನ್ನು ಕಾಂಕ್ರೀಟಿನ ಸುತ್ತಲೂ ಕೂರಿಸಬೇಕು.

ಬ್ಯಾಂಕುಗಳ ವಿಷಯದಲ್ಲೂ ಇದೇ ಆಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ದೊಡ್ಡ ಬ್ಯಾಂಕಿನ ಬಲ ದೊಡ್ಡದು, ಠೇವಣಿ ಸುರಕ್ಷಿತ ಎಂಬ ವಾದದಲ್ಲಿ ಹುರುಳಿದೆ. ಹಾಗೆಂದು ಎರಡಾಣೆಯಿಂದ ಕಟ್ಟುತ್ತ ಬಂದ ಊರಿಗೆ ಆ ನಿರ್ಧಾರದಲ್ಲಿ ಒಂದು ಮಾತೂ ಇರಲಿಲ್ಲ ಎಂಬ ಬೇಸರವನ್ನು ಹಳೆಯ ಹೆಸರಿನ ಮೋಹ ಎಂದು ತಳ್ಳಿಹಾಕುವುದು ಸರಿಯಲ್ಲ. ಹಣಕ್ಕೆ ನಷ್ಟವಾಗಲಿಲ್ಲ, ಕಟ್ಟಿದವರೆಂಬ ಹಕ್ಕಿಗೆ ಆಯಿತು.

ಹೀಗೆ ಈ ಒಂದು ಕ್ರಿಯಾಪದದಿಂದ ನಮಗೆ ಸಿಗುವುದು ಒಂದು ನ್ಯಾಯದ ಅಳತೆ. ಸೊಸೈಟಿಯೋ ದೇವಸ್ಥಾನದ ಆಡಳಿತವೋ ಕುಟುಂಬದ ಟ್ರಸ್ಟೋ ಸರಕಾರದ ಯೋಜನೆಯೋ ಯಾವುದನ್ನು ಕಟ್ಟುವಾಗಲೂ ಈ ಅಳತೆಯನ್ನು ಹಿಡಿಯಬಹುದು. ಕಿಂಡಿಗೆ ಹಲಗೆ ಇಳಿಸುವ, ತೆಗೆಯುವ ದಿನವನ್ನು ಆ ನೀರು ಕುಡಿಯುವ, ಬೆಳೆಗೆ ಹಾಯಿಸುವ ಮನೆಗಳೇ ಪ್ರತಿ ವರ್ಷ ಗ್ರಾಮಸಭೆಯಲ್ಲಿ ಗೊತ್ತುಮಾಡಲಿ, ಹೊಣೆ ಯಾರದ್ದೆಂದು ಅಲ್ಲೇ ಬರೆದಿಡಲಿ. ಹೊಸ ಕಟ್ಟಳೆ ಬರೆಯುವವರು ಅದು ಎಷ್ಟು ವರ್ಷಕ್ಕೊಮ್ಮೆ ಮತ್ತೆ ಚರ್ಚೆಗೆ ಬರಬೇಕು, ಅದನ್ನು ಬಿಚ್ಚುವ ಕ್ರಮವೇನು, ಆ ಮಾತಿನಲ್ಲಿ ಯಾರಿಗೆಲ್ಲ ಪಾಲು ಎಂಬುದನ್ನು ಮೊದಲ ಪುಟದಲ್ಲೇ ಬರೆಯಲಿ. ಅದನ್ನು ಬರೆಯಲು ಹಿಂಜರಿಯುವ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಜನರನ್ನು ಕಟ್ಟಿಹಾಕುತ್ತದೆಯೇ ಹೊರತು ಅವರಿಂದ ಏನನ್ನೂ ಕಟ್ಟಿಸಲಾರದು.